ತೆರಪೂ ಒಂದು ಅಕ್ಷರ



ಬರೆಹದಲ್ಲಿ ನಾವು ಅಕ್ಷರಗಳನ್ನು ಎಣಿಸುತ್ತೇವೆಯೇ ಹೊರತು ಅವುಗಳ ನಡುವಣ ತೆರಪನ್ನು ಎಣಿಸುವುದಿಲ್ಲ. ಹಳಗನ್ನಡದ ಶಾಸನಗಳನ್ನು ಕಂಡವರು ಬಲ್ಲರು: ರೂವಾರಿ ಸಾಲಿನುದ್ದಕ್ಕೂ ಅಕ್ಷರಗಳನ್ನು ಒಂದರ ಬೆನ್ನಿಗೊಂದರಂತೆ ಕಂಡರಿಸಿರುತ್ತಾನೆ, ಪದಗಳನ್ನು ಬಿಡಿಸಿಕೊಳ್ಳುವ ಹೊಣೆ ಓದುಗನದು. ತೆರಪು ಇದ್ದರೂ ಇಲ್ಲದಿದ್ದರೂ ಅರ್ಥವನ್ನು ಹಿಡಿಯುವುದು ಮನುಷ್ಯನ ಬುದ್ಧಿಗೆ ಸಾಧ್ಯ.

ಗಣಕಯಂತ್ರಕ್ಕೆ ಆ ಬುದ್ಧಿಯಿಲ್ಲ. ಅಮೆರಿಕದಲ್ಲಿ 1963ರಲ್ಲಿ ಮೊದಲು ಪ್ರಕಟವಾದ ಆಸ್ಕಿ ಎಂಬ ಸಂಕೇತಪಟ್ಟಿಯಲ್ಲಿ ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರಕ್ಕೆ 65 ಎಂಬ ಸಂಖ್ಯೆಯಾದರೆ, ಬರಿಯ ತೆರಪಿಗೆ 32. ಯಂತ್ರದ ಕಣ್ಣಿಗೆ ಎರಡೂ ಅಕ್ಷರಗಳೇ. ನಾವು ಶೂನ್ಯವೆಂದು ಬಗೆದದ್ದು ಅದರ ಪಾಲಿಗೆ ಶೂನ್ಯವಲ್ಲ.

ಇದರಿಂದ ಆಗುವ ತೊಡಕು ಸಣ್ಣದಲ್ಲ. ಒಂದು ಗ್ರಂಥಾಲಯದವರು ಪುಸ್ತಕಗಳ ಯಾದಿಯನ್ನು ಗಣಕಕ್ಕೆ ಏರಿಸಿದ್ದರು. ಹಿರಿಯರೊಬ್ಬರು ‘ಪಂಪಭಾರತ’ ಎಂದು ಬೆರಳಚ್ಚಿಸಿ, ಅಭ್ಯಾಸಬಲದಿಂದ ಕೊನೆಯಲ್ಲೊಮ್ಮೆ ಸ್ಪೇಸ್ ಕೀಲಿಯನ್ನೂ ಒತ್ತಿದರು. ‘ಈ ಹೆಸರಿನ ಪುಸ್ತಕವಿಲ್ಲ’ ಎಂದು ಉತ್ತರ ಬಂತು. ಪುಸ್ತಕ ಅವರ ಹಿಂದಿನ ಕಪಾಟಿನಲ್ಲೇ ಇತ್ತು. ಅವರು ಬರಿಗೈಯಲ್ಲಿ ಹೊರಟುಹೋದರು. ಪುಸ್ತಕದ ಬದಲು ಅದು ಪಿಂಚಣಿದಾರನೊಬ್ಬನ ಹೆಸರೋ ಆಸ್ಪತ್ರೆಯ ರೋಗಿಯ ಹೆಸರೋ ಆಗಿದ್ದರೆ ಏನು ಗತಿ?

ಪ್ರೋಗ್ರಾಮು ಬರೆಯುವವರಿಗೆ ಇದರ ಪರಿಹಾರ ಒಂದೇ ಸಾಲಿನ ಮಾತು. ಮಾತಿನ ಎರಡು ತುದಿಗಳ ತೆರಪನ್ನು ಕತ್ತರಿಸುವ ಆಜ್ಞೆಗೆ ಹಲವು ಗಣಕಭಾಷೆಗಳಲ್ಲಿ ‘ಟ್ರಿಮ್’ ಎಂದು ಹೆಸರು, ಪೈಥಾನಿನಲ್ಲಿ ‘ಸ್ಟ್ರಿಪ್’. ಆದರೆ ಹುಡುಕುವವರು ಕೊಟ್ಟ ಹೆಸರನ್ನಷ್ಟೇ ಶುದ್ಧಮಾಡಿದರೆ ಸಾಲದು. ಯಾದಿಗೆ ಸೇರಿಸುವಾಗಲೂ ಮಾಡಬೇಕು. ಯಾದಿಯಲ್ಲೇ ತೆರಪು ಅಂಟಿಕೊಂಡಿದ್ದರೆ ಶುದ್ಧವಾದ ಪ್ರಶ್ನೆಗೂ ‘ಇಲ್ಲ’ ಎಂಬುದೇ ಉತ್ತರ.

ಹಾಗಾದರೆ ಎಲ್ಲ ತೆರಪನ್ನೂ ಅಳಿಸಿಬಿಡೋಣವೇ? ಇಲ್ಲಿ ನಮ್ಮ ವ್ಯಾಕರಣ ನೆರವಿಗೆ ಬರುತ್ತದೆ. ಲೋಪಸಂಧಿಯ ಕಟ್ಟಳೆಯನ್ನು ಶಾಲೆಯಲ್ಲಿ ಎಲ್ಲರೂ ಕಲಿತಿದ್ದೇವೆ: ಅರ್ಥ ಕೆಡದಿದ್ದರೆ ಮಾತ್ರ ಸ್ವರಕ್ಕೆ ಲೋಪ. ‘ಮಾತು’, ‘ಇಲ್ಲ’ ಕೂಡಿ ‘ಮಾತಿಲ್ಲ’ ಆಗಬಹುದು. ‘ಮನೆ’ಗೆ ‘ಅನ್ನು’ ಸೇರುವಲ್ಲಿ ಎಕಾರವನ್ನು ಬಿಟ್ಟರೆ ‘ಮನನ್ನು’ ಎಂದಾಗಿ ಅರ್ಥ ಕೆಡುತ್ತದೆ. ಆದ್ದರಿಂದ ಅಲ್ಲಿ ಲೋಪವಿಲ್ಲ, ಯಕಾರ ಆಗಮವಾಗಿ ‘ಮನೆಯನ್ನು’ ಆಗುತ್ತದೆ. ತೆರಪಿನ ನ್ಯಾಯವೂ ಇದೇ. ‘ರಾಮ ಕೃಷ್ಣ’ ಎಂದರೆ ಇಬ್ಬರು, ‘ರಾಮಕೃಷ್ಣ’ ಎಂದರೆ ಒಬ್ಬ. ‘ಮನೆ ಮಾತು’ ಮನೆಯೊಳಗೆ ಆಡುವ ನುಡಿ. ‘ಮನೆಮಾತು’ ಊರೆಲ್ಲ ಬಲ್ಲ ಹೆಸರು. ತುದಿಯ ತೆರಪು ಧೂಳು; ನಡುವಣ ತೆರಪು ಅರ್ಥ. ತುದಿಯ ತೆರಪನ್ನೂ ಎಲ್ಲೆಡೆ ಕತ್ತರಿಸುವಂತಿಲ್ಲ: ಪೈಥಾನ್ ಭಾಷೆಯಲ್ಲಿ ಸಾಲಿನ ಮೊದಲಿನ ತೆರಪೇ ಯಾವ ಸಾಲು ಯಾವುದರ ಅಧೀನವೆಂಬುದನ್ನು ತಿಳಿಸುತ್ತದೆ.

ಕಾಣದ ಚಿಹ್ನೆಗಳಲ್ಲೂ ಜಾತಿಭೇದವುಂಟು. ಸಾಲು ಮುರಿಯದಂತೆ ಎರಡು ಪದಗಳನ್ನು ಹಿಡಿದಿಡುವ ಇನ್ನೊಂದು ತೆರಪಿಗೆ ಸಂಖ್ಯೆ 160. ನೋಟಕ್ಕೆ ಎರಡೂ ಒಂದೇ. ಆದರೆ ಎಕ್ಸೆಲ್ಲಿನ ಟ್ರಿಮ್ ಸೂತ್ರ 32ನ್ನು ಕತ್ತರಿಸಿ 160ನ್ನು ಬಿಟ್ಟುಬಿಡುತ್ತದೆ. ಕನ್ನಡಕ್ಕೆ ಬೇಕಾದ ಮತ್ತೊಂದಿದೆ: ಅಗಲವೇ ಇಲ್ಲದ, ಅಕ್ಷರಗಳು ಕೂಡದಂತೆ ತಡೆಯುವ ಯೂನಿಕೋಡ್ ಚಿಹ್ನೆ. ‘ರಾಜ್‌ಕುಮಾರ್’ ಎಂದು ಬರೆಯುವಲ್ಲಿ ಅದಿಲ್ಲದಿದ್ದರೆ ಕಕಾರ ಜಕಾರದ ಅಡಿಗೆ ಒತ್ತಾಗಿ ಇಳಿದು ‘ರಾಜ್ಕುಮಾರ್’ ಆಗುತ್ತದೆ. ಕೆಲವರು ಅದನ್ನು ಬೆರಳಚ್ಚಿಸುತ್ತಾರೆ, ಕೆಲವರು ಬಿಡುತ್ತಾರೆ. ಆದ್ದರಿಂದ ಹುಡುಕುವಾಗ ಅದನ್ನು ಲೆಕ್ಕಿಸದಿರುವುದು ವಿವೇಕ, ಅಚ್ಚಿಸುವಾಗ ಉಳಿಸುವುದು ಕರ್ತವ್ಯ. ಕಸವೆಂದು ಗುಡಿಸಿಹಾಕಿದರೆ ಒಬ್ಬರ ಹೆಸರಿನ ರೂಪವೇ ಕೆಟ್ಟೀತು.

ನಮ್ಮ ಮಕ್ಕಳು, ನಮ್ಮ ಶಿಷ್ಯರು ಇಂದು ಈ ಯಂತ್ರಗಳಿಗೆ ಕನ್ನಡವನ್ನು ಕಲಿಸುತ್ತಿದ್ದಾರೆ. ಯಾವುದನ್ನು ಕತ್ತರಿಸಬೇಕೆಂಬುದನ್ನು ಗಣಕಶಾಸ್ತ್ರ ಅವರಿಗೆ ಹೇಳಿಕೊಟ್ಟೀತು. ಎಲ್ಲಿ ಕತ್ತರಿಸಬಾರದೆಂಬುದನ್ನು ಭಾಷೆಯೇ ಹೇಳಬೇಕು. ಕತ್ತರಿ ಎತ್ತುವ ಮುನ್ನ ‘ಅರ್ಥ ಕೆಡುವುದೇ?’ ಎಂದು ಕೇಳಿಕೊಂಡರೆ ಸಾಕು. ಆ ಪ್ರಶ್ನೆಯನ್ನು ನಮ್ಮ ವೈಯಾಕರಣರು ಎಂದೋ ಕೇಳಿದ್ದಾರೆ.