ಹೊಳೆ ಬಂದರೆ ನಮ್ಮೂರೂ ನಡುಗಡ್ಡೆ

(ಸಂಜೆಯ ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)



ಇವತ್ತು ಪಾಟಿ, ಬಳಪ ಬದಿಗಿಡ್ರಿ. ಹೊಳೆಯ ಮಾತು ಆಡೋಣ.

ನಮ್ಮ ಬಾಗಲಕೋಟೆ ಜಿಲ್ಲೆಗೆ ಮೂರು ಹೊಳೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆ. ಬಾದಾಮಿ, ಹುನಗುಂದ ಕಡೆಯವರಿಗೆ ಮಲಪ್ರಭೆಯೇ ತಾಯಿ. ಅವಳು ಪಟ್ಟದಕಲ್ಲು, ಐಹೊಳೆ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರೂ ಇರೂದಿಲ್ಲ. ಆದರೆ 2009ರಲ್ಲಿ ಏನಾಯ್ತು? 2019ರಲ್ಲಿ ಏನಾಯ್ತು? ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತಿತು. ದಂಡೆಯ ಎಷ್ಟೋ ಊರು ನಡುಗಡ್ಡೆ ಆದವು.

“ಇಲ್ಲಿ ಬಿಸಿಲು ಐತಿ, ಹೊಳಿ ಎಲ್ಲಿಂದ ಬರತೈತ್ರಿ?” ಎಂದು ಕೇಳುತ್ತೀರಿ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿ ಘಟ್ಟದ ಮಳೆ. ಆ ನೀರು ಸವದತ್ತಿ ಹತ್ತಿರದ ನವಿಲುತೀರ್ಥ ಆಣೆಕಟ್ಟಿಗೆ ಬರುತ್ತದೆ. ಆಣೆಕಟ್ಟು ತುಂಬಿದರೆ ಬಾಗಿಲು ತೆಗೆಯಲೇಬೇಕು. ಇತ್ತ ಹೊಳೆಯ ಪಾತ್ರ ಜಾಲಿ ಬೆಳೆದು, ಒತ್ತುವರಿಯಾಗಿ ಸಣ್ಣದಾಗಿದೆ. ನೀರು ಊರಿಗೆ ನುಗ್ಗದೆ ಎಲ್ಲಿಗೆ ಹೋಗಬೇಕು?

ಪೇಪರಿನಲ್ಲಿ ‘ಕ್ಯುಸೆಕ್’ ಎಂದು ಬರೆದಿರುತ್ತದೆ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಅಂದಾಜು ಎರಡು ಕೊಡ. 50 ಸಾವಿರ ಕ್ಯುಸೆಕ್ ಬಿಟ್ಟರೆ? ಒಂದೊಂದು ಸೆಕೆಂಡಿಗೂ ಲಕ್ಷ ಕೊಡ! ಲೆಕ್ಕ ಬಂದರೆ ಅಪಾಯವೂ ತಿಳಿಯುತ್ತದೆ.

ನನ್ನ ಮನೆಯ ಮಾತು ಹೇಳ್ತೀನಿ. 2009ರಲ್ಲಿ ನಾನು ಪಿಯುಸಿ ಓದುತ್ತಿದ್ದೆ. ದಸರಾ ಮುಗಿದ ವಾರ. ಹಗಲು ರಾತ್ರಿ ಜಿಟಿಜಿಟಿ ಮಳೆ. ನಮ್ಮದು ಮಣ್ಣಿನ ಮಾಳಿಗೆ ಮನೆ. ಹೊಳೆ ಇನ್ನೂ ದೂರ ಇತ್ತು. ಅದಕ್ಕೇ ಅಪ್ಪ, “ಇಂಥಾ ಮಳ್ಯಾಗ ಎಲ್ಲಿ ಹೋಗೂದು?” ಎಂದು ಕಂಬಳಿ ಹೊದ್ದರು. ಅಜ್ಜಿ ಮಾತ್ರ ಮಲಗಲಿಲ್ಲ. “ಜಂತಿ ಸಂದಿಂದ ಮಣ್ಣ ಉದುರಾಕ ಹತ್ತೇತಿ. ಏಳ್ರಿ, ಸಾಲಿಗೆ ನಡೀರಿ” ಎಂದಳು. ಬೈಯುತ್ತಲೇ ಎದ್ದೆವು. ಬೆಳಗಾಗುವಷ್ಟರಲ್ಲಿ ಮಾಳಿಗೆ ನೆಲಕ್ಕೆ ಬಿದ್ದಿತ್ತು. ಆ ಮಳೆಯಲ್ಲಿ ಮನೆ ಬಿದ್ದು ಸತ್ತವರು ಬಹಳ. ನಮ್ಮನ್ನು ಉಳಿಸಿದ್ದು ಅಜ್ಜಿಯ ಕಿವಿ.

ಇಂಥದೇ ಒಂದು ಸಂಗತಿ ದೂರದ ಇಂಡೋನೇಷ್ಯಾದಲ್ಲಿ ನಡೆಯಿತು. ಅಲ್ಲಿ ಸಿಮೆಲೂ ಎಂಬ ದ್ವೀಪ ಇದೆ. 1907ರಲ್ಲಿ ಸಮುದ್ರ ಉಕ್ಕಿ ಅಲ್ಲಿ ಬಹಳ ಜನ ಸತ್ತರು. ಉಳಿದವರು ಮಕ್ಕಳಿಗೆ ಅದನ್ನು ಕತೆ ಮಾಡಿ, ಜೋಗುಳ ಮಾಡಿ ಹೇಳಿದರು: ನೆಲ ಜೋರಾಗಿ ನಡುಗಿ, ಸಮುದ್ರ ಹಿಂದೆ ಸರಿದರೆ ಗುಡ್ಡಕ್ಕೆ ಓಡ್ರಿ. 2004ರ ಡಿಸೆಂಬರ್ 26ರಂದು ಸುನಾಮಿ ಬಂತು. ಬೇರೆ ಕಡೆ ಲಕ್ಷಗಟ್ಟಲೆ ಜನ ಸತ್ತರು. ಸಿಮೆಲೂ ಜನ ಗುಡ್ಡ ಹತ್ತಿದರು. ಅಲ್ಲಿ ಸತ್ತವರು ಬೆರಳಲ್ಲಿ ಎಣಿಸುವಷ್ಟು. ನೀರನ್ನು ತಡೆಯಲು ಅವರಿಂದಲೂ ಆಗಲಿಲ್ಲ. ಸಾವನ್ನು ತಡೆದರು.

ನಾವೇನು ಮಾಡೋಣ?

ಹಿಂದೆ ನೀರು ಎಲ್ಲಿತನಕ ಬಂದಿತ್ತು ಎಂದು ಹಿರಿಯರನ್ನು ಕೇಳ್ರಿ. ಸಾಲಿ ಗೋಡೆಗೆ ಗೆರೆ ಎಳೆದು ಇಸವಿ ಬರೀರಿ.

ಡಂಗುರ ಕೇಳಿದ ಕೂಡಲೇ ದನ ಬಿಚ್ಚಿರಿ. ಕಟ್ಟಿದ ದನ ಈಜಲಾರದು.

ಹಗೇವಿನ ಜೋಳ ಮೊದಲೇ ತೆಗೆದು ಎತ್ತರಕ್ಕೆ ಸಾಗಿಸಿರಿ. ಇಳಕಲ್ಲಿನ ನೇಕಾರ ಬಂಧುಗಳೇ, ಮಗ್ಗದ ಕುಣಿಗೆ ನೀರು ಬರುವ ಮೊದಲು ಹಾಸು, ರೇಷ್ಮೆ ಮೇಲೆತ್ತಿರಿ.

ನೀರು ಹರಿಯುವ ಸೇತುವೆ ದಾಟಬೇಡಿರಿ. ಮೊಣಕಾಲುದ್ದದ ಸೆಳವೂ ಆಳನ್ನು ಕೆಡವುತ್ತದೆ.

ಪಹಣಿ, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿರಿ.

ಜಿಲ್ಲೆಯ ಸಹಾಯವಾಣಿ 1077. ತುರ್ತು ಕರೆಗೆ 112. ಈ ಎರಡು ನಂಬರ್ ಬಾಗಿಲ ಹಿಂದೆ ದೊಡ್ಡದಾಗಿ ಬರೀರಿ.

ಕೊನೆಗೆ ಒಂದು ಮಾತು. ಆ ವರ್ಷ ನಮ್ಮ ಸೋದರತ್ತೆಯ ಮನೆಯೂ ಪೂರ್ತಿ ಬಿತ್ತು. ಪಂಚನಾಮೆ ಮಾಡಲು ಬಂದವರು ‘ಭಾಗಶಃ’ ಎಂದು ಬರೆದರು. ಭಾಗಶಃ ಅಂದರೆ ಸ್ವಲ್ಪ ಬಿದ್ದದ್ದು. ಅತ್ತೆಗೆ ಓದಲು ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿದಳು. ಪರಿಹಾರ ಬಂತು, ಗೋಡೆಗೂ ಸಾಲಲಿಲ್ಲ. ತಕರಾರು ಹೇಳಲು ಹೋದರೆ, “ನೀವೇ ಒಪ್ಪೀರಲ್ಲ” ಎಂದರು. ಮೂರೂವರೆ ಅಕ್ಷರದ ಒಂದು ಮಾತು ಅತ್ತೆಯ ಮನೆಯನ್ನು ಎರಡನೇ ಸಲ ಕೆಡವಿತು.

ಆಮೇಲೆ ಅತ್ತೆ ರಾತ್ರಿ ಶಾಲೆಗೆ ಹೋದಳು. 2019ರಲ್ಲಿ ಮತ್ತೆ ಹೊಳೆ ಬಂತು. ಮತ್ತೆ ಕಾಗದ ಬಂತು. ಅತ್ತೆ ಚಷ್ಮಾ ಹಾಕಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಕಾಗದ ತಂದವರು ಕಾಯುತ್ತಾ ನಿಂತರು. ಪೂರ್ತಿ ಓದಿದ ಮೇಲೆಯೇ ಸಹಿ ಮಾಡಿದಳು.

ಅಜ್ಜಿಗೆ ಮನೆಯ ಸದ್ದು ಓದಲು ಬರುತ್ತಿತ್ತು. ಅತ್ತೆ ಕಾಗದ ಓದಲು ಕಲಿತಳು. ನಮಗೆ ಎರಡೂ ಓದು ಬೇಕು.

ಈಗ ಪಾಟಿ ತಗೊಳ್ರಿ. ಮೊದಲ ಮಾತು ಬರೀರಿ: ‘ಭಾಗಶಃ’. ಅದರ ಕೆಳಗೆ ಬರೀರಿ: ‘ಪೂರ್ತಿ’.