ಒಂದೇ ನಾಯಿ, ಊರಿಗೊಂದು ಹೆಸರು

ಸಂಜೆ ಹೊತ್ತು ಬೆಂಗಳೂರಿನ ಅರೆಕೆರೆಯ ಮೈಕೋ ಲೇಔಟಿನಲ್ಲಿ ಒಂದು ಸುತ್ತು ಹಾಕಿದರೆ ಬಗೆಬಗೆಯ ನಾಯಿಗಳು ಎದುರಾಗುತ್ತವೆ. ಯಜಮಾನರನ್ನೇ ಎಳೆದುಕೊಂಡು ಹೋಗುವ ಲ್ಯಾಬ್ರಡಾರ್, ಮೈತುಂಬ ಬಿಳಿ ಕೂದಲಿನ ಪಾಮರೇನಿಯನ್, ಹೊಟ್ಟೆ ಇನ್ನೇನು ನೆಲಕ್ಕೆ ತಾಗಿತು ಎನ್ನುವಂತೆ ನಡೆಯುವ ಡ್ಯಾಶೌಂಡ್, ಇವರೆಲ್ಲರಿಗೂ ಗುರ್ರೆನ್ನುವ ಬೀದಿನಾಯಿ. ಅದೃಷ್ಟವಿದ್ದರೆ ಉದ್ದ ಕಾಲಿನ ಮುಧೋಳ ನಾಯಿಯೂ ಕಂಡೀತು. ಇವುಗಳಿಗೆ ಈ ಹೆಸರುಗಳು ಹೇಗೆ ಬಂದವು?

ನಮ್ಮ ಮುಧೋಳದಿಂದಲೇ ಶುರು ಮಾಡೋಣ. ಮುಧೋಳ ಈಗ ಬಾಗಲಕೋಟೆ ಜಿಲ್ಲೆಯ ಒಂದು ಊರು. ಹಿಂದೆ ಘೋರ್ಪಡೆ ಮನೆತನದವರು ಆಳುತ್ತಿದ್ದ ಪುಟ್ಟ ಸಂಸ್ಥಾನ. ಅಲ್ಲಿನ ರಾಜ ಮಾಲೋಜಿರಾವ್ ಘೋರ್ಪಡೆ ಈ ಬೇಟೆ ನಾಯಿಯನ್ನು ಅಕ್ಕರೆಯಿಂದ ಸಾಕಿ ಬೆಳೆಸಿದರು. ಊರಿನ ಹೆಸರು ನಾಯಿಗೂ ಅಂಟಿಕೊಂಡಿತು. ಮಹಾರಾಷ್ಟ್ರದ ಕಡೆಗೆ ಹೋದರೆ ಮಾತ್ರ ಇದೇ ನಾಯಿ ‘ಕಾರವಾನಿ’. ಕಿವಿ, ಬಾಲದ ಮೇಲೆ ಉದ್ದ ಕೂದಲಿದ್ದರೆ ‘ಪಶ್ಮಿ’.

ಇವೆರಡೂ ಪಾರಸಿ ಮೂಲದ ಹೆಸರುಗಳು. ಪಶ್ಮ್ ಅಂದರೆ ಉಣ್ಣೆ. ಪಶ್ಮೀನಾ ಶಾಲಿನಲ್ಲಿರುವುದೂ ಅದೇ ಪದ. ಕಾರ್ವಾನ್ ಅಂದರೆ ಒಂಟೆ, ಕುದುರೆ ಕಟ್ಟಿಕೊಂಡು ಗುಂಪಾಗಿ ಸಾಗುವ ವ್ಯಾಪಾರಿಗಳ ತಂಡ. ಈ ಪದ ಪೂರ್ವಕ್ಕೆ ನಮ್ಮ ಕಡೆ ಬಂದ ಹಾಗೆಯೇ ಪಶ್ಚಿಮಕ್ಕೂ ಹೋಗಿ, ಫ್ರೆಂಚರ ಬಾಯಲ್ಲಿ ಹೊರಳಿ, ಇಂಗ್ಲಿಷಿನಲ್ಲಿ ‘ಕ್ಯಾರವಾನ್’ ಆಯಿತು. ಹೀಗೆ ನಮ್ಮ ನಾಯಿಗೆ ಇಂಗ್ಲಿಷಿನಲ್ಲಿ ‘ಕ್ಯಾರವಾನ್ ಹೌಂಡ್’ ಎಂಬ ಹೆಸರೂ ಸೇರಿತು. ಇಂದಿಗೂ ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು ಆ ಹೆಸರಿನಲ್ಲೇ ನೋಂದಾಯಿಸುತ್ತದೆ. ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ‘ಮುಧೋಳ್ ಹೌಂಡ್’ ಎಂದು ಬರೆದುಕೊಳ್ಳುತ್ತದೆ. ಮನೆಯಲ್ಲಿ ಪುಟ್ಟ, ಶಾಲೆಯ ಹಾಜರಿಯಲ್ಲಿ ಬೇರೆಯೇ ಹೆಸರು ಇರುವ ಹುಡುಗನ ಹಾಗೆ! 2005ರಲ್ಲಿ ನಮ್ಮ ಅಂಚೆ ಇಲಾಖೆ ತಂದ ಅಂಚೆಚೀಟಿಯಲ್ಲಿ ಇರುವುದು ಮುಧೋಳದ ಹೆಸರೇ.

ಈಗ ‘ಹೌಂಡ್’ ಪದದ ಬಾಲ ಹಿಡಿದು ಯುರೋಪಿಗೆ ಹೋಗೋಣ. ಜರ್ಮನ್ ಭಾಷೆಯಲ್ಲಿ ‘ಹುಂಡ್’ ಅಂದರೆ ಯಾವ ನಾಯಿಯಾದರೂ ಸರಿ. ಅದರ ಸೋದರ ಪದವಾದ ಇಂಗ್ಲಿಷಿನ ‘ಹೌಂಡ್’ ಬೇಟೆ ನಾಯಿಗಷ್ಟೇ ಮೀಸಲು. ಇನ್ನು ‘ಡಾಗ್’ ಪದದ ಕಥೆ ಇದಕ್ಕೆ ತಿರುಗುಮುರುಗು. ಇಂಗ್ಲಿಷಿನಲ್ಲಿ ಎಲ್ಲ ನಾಯಿಗೂ ಡಾಗ್. ಆ ಪದ ಇಂಗ್ಲೆಂಡಿನಿಂದ ಜರ್ಮನಿಗೆ ಹೋಗಿ ‘ಡಾಗೆ’, ಫ್ರಾನ್ಸಿಗೆ ಹೋಗಿ ‘ಡೋಗ್’ ಆದಾಗ ದಪ್ಪ ತಲೆಯ ಭಾರೀ ನಾಯಿಗಳಿಗೆ ಮಾತ್ರ ಉಳಿಯಿತು. ಇನ್ನೊಂದು ಸ್ವಾರಸ್ಯ ಕೇಳಿ. ಪೊಲೀಸರ ‘ಶ್ವಾನದಳ’ ಗೊತ್ತಲ್ಲ? ಸಂಸ್ಕೃತದಿಂದ ಬಂದ ಆ ಶ್ವಾನಕ್ಕೂ ಇಂಗ್ಲಿಷಿನ ಹೌಂಡಿಗೂ ಸಾವಿರಾರು ವರ್ಷಗಳ ಹಿಂದಿನ ಒಂದೇ ಬೇರು. ನಮ್ಮ ‘ನಾಯಿ’ಯ ಬಳಗ ಬೇರೆ, ಅದರ ನೆಂಟರು ತಮಿಳು, ಮಲಯಾಳ, ತುಳುವಿನಲ್ಲಿದ್ದಾರೆ.

ಡ್ಯಾಶೌಂಡ್ ಜರ್ಮನಿಯ ನಾಯಿ. ಅಲ್ಲಿ ‘ಡಾಕ್ಸ್’ ಅಂದರೆ ಬ್ಯಾಜರ್, ನೆಲದಲ್ಲಿ ಬಿಲ ತೋಡಿ ಬದುಕುವ ಪ್ರಾಣಿ. ಅದರ ಬಿಲಕ್ಕೆ ನುಗ್ಗುವ ನಾಯಿಯೇ ಡಾಕ್ಸ್‌ಹುಂಡ್. ಇಂಗ್ಲಿಷರು ಈ ಹೆಸರನ್ನು ಇದ್ದಂತೆಯೇ ಎತ್ತಿಕೊಂಡರು. ಫಿನ್‌ಲೆಂಡಿನವರು ತಮ್ಮ ಮಾತಿಗೆ ತಿರುಗಿಸಿ ‘ಬ್ಯಾಜರ್ ನಾಯಿ’ ಎಂದೇ ಕರೆದರು. ಪೋಲೆಂಡಿನವರಿಗೆ ಕಂಡದ್ದು ಬಿಲ. ಅವರ ‘ಯಾಮ್ನಿಕ್’ ಹೆಸರಿನಲ್ಲಿ ಬಿಲವಿದೆ. ಇಟಲಿಯವರಿಗೆ ಕಂಡದ್ದು ಅದರ ಕುಳ್ಳು. ಅವರು ‘ಬಸ್ಸೊತ್ತೊ’ ಎಂದರು. ತಮಾಷೆಯೆಂದರೆ ಜರ್ಮನಿಯ ಮನೆಗಳಲ್ಲಿ ಜನ ಇದನ್ನು ಡಾಕ್ಸ್‌ಹುಂಡ್ ಎನ್ನುವುದು ಕಡಿಮೆ; ‘ಡಾಕೆಲ್’ ಎನ್ನುತ್ತಾರೆ.

ಕೆಲವೊಮ್ಮೆ ಯುದ್ಧವೂ ಹೆಸರು ಬದಲಿಸುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನಲ್ಲಿ ಜರ್ಮನಿಯ ಹೆಸರೆತ್ತಿದರೆ ಸಿಟ್ಟು. ಹಾಗಾಗಿ ಜರ್ಮನ್ ಶೆಫರ್ಡ್ ಅಲ್ಲಿ ‘ಅಲ್ಸೇಷಿಯನ್’ ಆಯಿತು. ಅಲ್ಸೇಸ್ ಎಂಬುದು ಫ್ರಾನ್ಸ್–ಜರ್ಮನಿ ಗಡಿಯ ಸೀಮೆ. ಬ್ರಿಟನ್ನಿನ ಕೆನಲ್ ಕ್ಲಬ್ಬು ಹಳೆಯ ಹೆಸರಿಗೆ ಮರಳಲು 1977ರವರೆಗೆ ಕಾಯಬೇಕಾಯಿತು. ನಮ್ಮಲ್ಲಿ ಅಜ್ಜ ಅಜ್ಜಿಯರು ಈಗಲೂ ‘ಅಲ್ಸೇಷಿಯನ್’ ಅನ್ನುವುದನ್ನು ನೀವು ಕೇಳಿರಬಹುದು.

ಹೆಸರು ಏನೇ ಇರಲಿ, ದೇಹ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಮುಧೋಳ ನಾಯಿಯ ಎದೆಗೂಡು ಆಳವಾಗಿದೆ. ಓಡುವಾಗ ದೊಡ್ಡ ಶ್ವಾಸಕೋಶ, ಹೃದಯಗಳಿಗೆ ಅಲ್ಲಿ ಜಾಗ. ಹೊಟ್ಟೆ ಒಳಕ್ಕೆ ಸರಿದಿದೆ, ತಲೆ ನೀಳ. ಅದು ಬೇಟೆಯನ್ನು ಮೂಗಿಗಿಂತ ಹೆಚ್ಚಾಗಿ ಕಣ್ಣಿನಿಂದ ಹುಡುಕಿ ಅಟ್ಟಿಸಿಕೊಂಡು ಹೋಗುತ್ತದೆ. ಡ್ಯಾಶೌಂಡಿನ ಮೋಟು ಕಾಲಿನ ಗುಟ್ಟನ್ನು ವಿಜ್ಞಾನಿಗಳು 2009ರಲ್ಲಿ ಬಿಡಿಸಿದರು. ಎಫ್‌ಜಿಎಫ್4 ಎಂಬ ಜೀನಿನ ಹೆಚ್ಚುವರಿ ಪ್ರತಿಯೊಂದು ಅದರಲ್ಲಿದೆ. ಅದರಿಂದ ಕಾಲಿನ ಮೂಳೆಗಳು ಉದ್ದಕ್ಕೆ ಬೆಳೆಯುವುದು ಬೇಗ ನಿಂತುಬಿಡುತ್ತದೆ. ಇಷ್ಟು ವ್ಯತ್ಯಾಸವಿದ್ದರೂ ಇವೆರಡೂ ಬೇರೆ ಬೇರೆ ಪ್ರಾಣಿಗಳಲ್ಲ. 1758ರಲ್ಲಿ ಲಿನೇಯಸ್ ಎಂಬ ಸ್ವೀಡನ್ನಿನ ವಿಜ್ಞಾನಿ ಸಾಕುನಾಯಿಗೆ ‘ಕ್ಯಾನಿಸ್ ಫೆಮಿಲಿಯಾರಿಸ್’ ಎಂದು ಹೆಸರಿಟ್ಟ. ಮುಧೋಳ, ಡ್ಯಾಶೌಂಡ್, ನಿಮ್ಮ ಬೀದಿಯ ಕರಿಯ, ಎಲ್ಲರೂ ಇದರೊಳಗೇ ಬಂದರು.

ನೀವೂ ಒಂದು ಪಟ್ಟಿ ಮಾಡಿ. ನಿಮ್ಮ ಬಡಾವಣೆಯ ನಾಯಿ ತಳಿಗಳ ಹೆಸರು ಬರೆದುಕೊಂಡು ಊರಿನಿಂದ ಬಂದವು, ಕೆಲಸದಿಂದ ಬಂದವು, ರೂಪದಿಂದ ಬಂದವು ಎಂದು ಮೂರು ಗುಂಪು ಮಾಡಿ. ಲ್ಯಾಬ್ರಡಾರ್ ರಿಟ್ರೀವರ್‌ಗೆ ಎರಡು ಗುಂಪಿನಲ್ಲಿ ಜಾಗ ಬೇಕಾಗುತ್ತದೆ: ಲ್ಯಾಬ್ರಡಾರ್ ಕೆನಡಾದ ಒಂದು ಸೀಮೆ, ರಿಟ್ರೀವರ್ ಅಂದರೆ ಬಿದ್ದ ಬೇಟೆಯನ್ನು ಎತ್ತಿ ತರುವುದು. ಆದರೆ ಹೆಸರಿನಲ್ಲಿ ಊರಿದೆ ಎಂದು ಪೂರ್ತಿ ನಂಬಬೇಡಿ. ಅದರ ಪೂರ್ವಜರು ಇದ್ದದ್ದು ಪಕ್ಕದ ನ್ಯೂಫೌಂಡ್‌ಲೆಂಡ್ ದ್ವೀಪದಲ್ಲಿ. ಅಟ್ಲಾಸ್ ತೆಗೆದು ಎರಡನ್ನೂ ಹುಡುಕಿ ನೋಡಿ.