ಕೇಳುವ ಮೊದಲೇ ಹೇಳಬೇಕಾದ ಲೆಕ್ಕ

(ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಹಿಂದೆ ಸರಕಾರದ ಹುಕುಂ ಬಂದರೆ ಊರಾಗ ಡಂಗುರ ಸಾರುತ್ತಿದ್ದರು. ಓದು ಬಂದವನಿಗೂ ಬಾರದವನಿಗೂ ಒಂದೇ ಮಾತು ಒಂದೇ ಹೊತ್ತಿಗೆ ಮುಟ್ಟುತ್ತಿತ್ತು. ಸಾರಿದ ಮೇಲೆ ‘ನಾವು ಹಂಗ ಹೇಳಿಲ್ಲ’ ಅನ್ನಲು ಯಾವ ಅಧಿಕಾರಿಗೂ ಬರುತ್ತಿರಲಿಲ್ಲ. ಯಾಕಂದ್ರ ಊರೇ ಸಾಕ್ಷಿ. ಇವತ್ತು ಆ ಡಂಗುರದ ಕೆಲಸವನ್ನು ರೇಡಿಯೋ ಮಾಡಬೇಕು ಅಂತ ಹೇಳಲು ನಿಂತಿದ್ದೇನೆ.

2025ರ ನವೆಂಬರದಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಹಗಲು ರಾತ್ರಿ ಕೂತದ್ದು ನಿಮಗೆಲ್ಲ ನೆನಪೈತಿ. ಟನ್ ಕಬ್ಬಿಗೆ 3500 ರೂಪಾಯಿ ಕೇಳಿದೆವು. 7ನೇ ತಾರೀಖು ಸರಕಾರ 3300 ಅಂತು. ಆದರೆ ಆ ದರ 11.25ರ ಇಳುವರಿಗೆ. ಇಳುವರಿ ಇಳಿದರೆ ದರವೂ ಇಳೀತು. ಆ ಇಳುವರಿ ಅಳೆಯುವವರು ಯಾರು? ಕಾರ್ಖಾನೆಯವರೇ. ಕಬ್ಬು ನಮ್ಮದು, ಕಾಟಾ ಅವರದು, ಲೆಕ್ಕವೂ ಅವರದು.

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲು ಕೊಡಬೇಕು. ತಪ್ಪಿದರೆ ವರ್ಷಕ್ಕೆ ಶೇಕಡಾ 15 ಬಡ್ಡಿ ಕೊಡಬೇಕು. ಆ ಬಡ್ಡಿ ತಗೊಂಡವರು ಇಲ್ಲಿ ಎಷ್ಟು ಮಂದಿ ಇದ್ದೀರಿ? ಕೈ ಎತ್ರಿ ನೋಡೋಣ. ಆದರೆ ನಾವು ತಂದ ಸಾಲದ ಬಡ್ಡಿ ಒಂದು ದಿನವೂ ನಿಲ್ಲುವುದಿಲ್ಲ. ಗುಟ್ಟಾಗಿಟ್ಟ ಲೆಕ್ಕವೇ ನಮ್ಮ ಸಾಲದ ಬೇರು.

‘ಮಾಹಿತಿ ಹಕ್ಕು ಐತಲ್ಲ, ಅರ್ಜಿ ಹಾಕ್ರಿ’ ಅಂತಾರ. ಹೌದು, 2005ರ ಕಾಯ್ದೆ ಐತಿ. 10 ರೂಪಾಯಿ ಕಟ್ಟಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಕಾಲುವೆ ನೀರಿನ ಪಾಳಿ ತಿಳಿಯಲು ನಾನೂ ಒಮ್ಮೆ ಅರ್ಜಿ ಹಾಕಿದೆ. ಉತ್ತರ ಬರುವುದರೊಳಗೆ ಪಾಳಿ ಮುಗಿದು ಗೋವಿನಜೋಳ ಒಣಗಿತ್ತು.

ಆದರೆ ಅದೇ ಕಾಯ್ದೆಯ 4ನೇ ಕಲಮನ್ನು ಓದ್ರಿ. ಜನ ಕೇಳುವ ಮೊದಲೇ ಸರಕಾರ ತಾನಾಗಿ ಹೇಳಬೇಕು, ಊರಿನ ಭಾಷೆಯಲ್ಲಿ ಹೇಳಬೇಕು, ಆ ಭಾಗದ ಜನಕ್ಕೆ ಚೆನ್ನಾಗಿ ಮುಟ್ಟುವ ಸಾಧನದಿಂದ ಹೇಳಬೇಕು ಅಂತ ಅದರಾಗ ಐತಿ. ನೋಟೀಸು ಬೋರ್ಡು, ಪತ್ರಿಕೆಗಳ ಜೊತೆಗೆ ಪ್ರಸಾರ ಮಾಧ್ಯಮವನ್ನೂ ಕಾಯ್ದೆಯೇ ಹೆಸರಿಸಿದೆ. ನಾವು ಕೇಳುವುದು ಭಿಕ್ಷೆ ಅಲ್ಲ.

ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಶುರುವಾಯಿತು. ಪೇಟೆ ಧಾರಣೆ, ಹವಾಮಾನ, ಕೃಷಿರಂಗ ಕೇಳಿ ಬೆಳೆದವರು ನಾವು. ಪೇಟೆಯ ದರ ರೇಡಿಯೋದಾಗ ಬಂದ ದಿವಸ ದಲಾಲಿಯ ಸುಳ್ಳು ನಡೀತಿರಲಿಲ್ಲ. ಹಂಗಂತ ರೇಡಿಯೋ ಎಂದೂ ತಪ್ಪಿಲ್ಲ ಅನ್ನಲಾರೆ. 1975ರ ತುರ್ತು ಪರಿಸ್ಥಿತಿಯಲ್ಲಿ ಅದು ಸರಕಾರದ ಬಾಯಿ ಆಗಿತ್ತು. 1995ರಲ್ಲಿ ಸುಪ್ರೀಂ ಕೋರ್ಟು, ಗಾಳಿಯ ಅಲೆಗಳು ಜನರ ಸೊತ್ತು ಅಂತ ತೀರ್ಪು ಕೊಟ್ಟಿತು. 1997ರಲ್ಲಿ ಆಕಾಶವಾಣಿ ಪ್ರಸಾರ ಭಾರತಿಗೆ ಸೇರಿತು. ಸೊತ್ತು ನಮ್ಮದಾದ ಮೇಲೆ ಅದರಾಗ ನಮ್ಮ ಲೆಕ್ಕವೂ ಬರಬೇಕಲ್ಲ?

‘ಎಲ್ಲರ ಕೈಯಾಗ ಮೊಬೈಲ್ ಐತಿ, ರೇಡಿಯೋ ಯಾಕ?’ ಅಂತ ಹುಡುಗರು ಕೇಳತಾರ. ತಮ್ಮಾ, ಮೊಬೈಲಿನಾಗ ಮುಂಜಾನೆ ಒಂದು ದರ, ಸಂಜೆಗೆ ಇನ್ನೊಂದು. ಯಾರು ಬರೆದರೋ ಗೊತ್ತಿಲ್ಲ, ಯಾರನ್ನು ಹಿಡಿಯೋದು? ರೇಡಿಯೋ ಅದರೊಳಗೇ ಬರಲಿ, ಅಡ್ಡಿಯಿಲ್ಲ. ಆದರೆ ಹೇಳಿದ ಮಾತಿಗೆ ಒಬ್ಬ ಹೊಣೆಗಾರ ಇರಬೇಕು.

ನಮ್ಮ ಬೇಡಿಕೆ ಎರಡೇ. ಒಂದು, ಹಿಡಕಲ್ ಜಲಾಶಯದಲ್ಲಿ ನೀರೆಷ್ಟು, ಯಾವ ಕಾಲುವೆಗೆ ಯಾವ ದಿನ ಬಿಡುತ್ತಾರೆ ಎಂಬುದನ್ನು ದಿನಾ ರೇಡಿಯೋದಲ್ಲಿ ಹೇಳಬೇಕು. ಎರಡು, ಕಬ್ಬು ನುರಿಸುವ ಹಂಗಾಮಿನಲ್ಲಿ ಒಂದೊಂದು ಕಾರ್ಖಾನೆಯ ಇಳುವರಿ, ದರ, ರೈತರ ಬಾಕಿ ಇವುಗಳನ್ನು ವಾರಕ್ಕೊಮ್ಮೆ ಹೆಸರು ಹೇಳಿ ಓದಬೇಕು. ಅಂಕಿ ಕೊಡುವುದು ಇಲಾಖೆಯ ಕೆಲಸ, ಸಾರುವುದು ಆಕಾಶವಾಣಿಯ ಕೆಲಸ.

ನಮ್ಮ ಕೆಲಸವೂ ಒಂದೈತಿ. ಬರುವ ಗ್ರಾಮಸಭೆಯಲ್ಲಿ ಪ್ರತಿ ಊರವರೂ ಈ ಠರಾವು ಮಾಡ್ರಿ. ಒಂದು ಪ್ರತಿ ಜಿಲ್ಲಾಧಿಕಾರಿಗೆ, ಒಂದು ಪ್ರತಿ ಧಾರವಾಡ ಕೇಂದ್ರಕ್ಕೆ ಕಳಿಸ್ರಿ. ಓದಿದ ಅಂಕಿಯನ್ನು ಗೋಡೆಯ ಮೇಲೆ ಬರೆದಿಡ್ರಿ. ಬಿಲ್ಲು ಬಂದಾಗ ಅದರ ಜೋಡಿ ಹಚ್ಚಿ ನೋಡ್ರಿ. ಲೆಕ್ಕ ಕೇಳುವವರು ಇದ್ದರೇನೇ ಲೆಕ್ಕ ಹೇಳುವವರು ನೆಟ್ಟಗಿರತಾರ.